ಗುರಪ್ಪನ ಗೋಣು, ಶೆಟ್ಟೆವ್ವನ ಬೀಜ

ಗುರಪ್ಪ ಮೂವತ್ತೊಂದು ವರ್ಷ ಟೆಂಪೋ ಹೊಡೆದ. ಇಂಡಿಯಲ್ಲಿ ಲಿಂಬೆಹಣ್ಣಿನ ಚೀಲ ಹೇರಿಕೊಂಡು ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ ಸುತ್ತುವುದು, ಬರುವಾಗ ಖಾಲಿ ಬಾರದೆ ಜನರನ್ನು ತುಂಬಿಕೊಳ್ಳುವುದು. ಅಷ್ಟು ವರ್ಷಗಳಲ್ಲಿ ಅವನ ಬಲ ಮೊಳಕೈ ಟೆಂಪೋದ ಒಳಗಿದ್ದದ್ದಕ್ಕಿಂತ ಕಿಟಕಿಯ ಹೊರಗಿದ್ದದ್ದೇ ಹೆಚ್ಚು. ಕನ್ನಡಿ ನೋಡಿ ಗಾಡಿ ಹಿಂದೆ ತೆಗೆಯುವುದು ಕಲಿಯುವವರ ಕೆಲಸ ಎಂದು ಅವನ ಮತ. ತಾನು ಮಾತ್ರ ಗೋಣನ್ನೇ ಕಿಟಕಿಯ ಹೊರಗೆ ಹಾಕಿ, ಹಿಂದಕ್ಕೆ ತಿರುವಿ, ಒಂದೇ ಕೈಯಲ್ಲಿ ಸ್ಟೇರಿಂಗ್ ಹಿಡಿದು ಸಂದಿಗೊಂದಿಯಿಂದ ಟೆಂಪೋ ಹೊರತೆಗೆಯುತ್ತಿದ್ದ. ನೋಡಿದವರು ಭೇಷ್ ಅನ್ನಬೇಕು. ಅನ್ನದಿದ್ದರೆ ಇನ್ನೊಮ್ಮೆ ಒಳಗೆ ಹಾಕಿ ಇನ್ನೊಮ್ಮೆ ತೆಗೆದು ತೋರಿಸುತ್ತಿದ್ದ.

ಟೆಂಪೋ ಮಾರಿ ಮನಗೂಳಿಯ ಸಮೀಪದ ತನ್ನೂರಿಗೆ ಬಂದು ಕೂತಾಗ ಅವನಿಗೆ ಅರವತ್ತೆರಡು. ಊರಲ್ಲಿ ಎರಡು ಎಕರೆ ಹೊಲವಿತ್ತು. ಅದನ್ನು ಮೊದಲಿನಿಂದಲೂ ನೋಡಿಕೊಂಡವಳು ಹೆಂಡತಿ ಶೆಟ್ಟೆವ್ವ. ಗುರಪ್ಪನ ಪಾಲಿಗೆ ಹೊಲವೆಂದರೆ ಟೆಂಪೋದ ಎರಡೂ ಬದಿಗೆ ಹಿಂದಕ್ಕೆ ಓಡುವ ಒಂದು ವಸ್ತು. ಯಾವಾಗ ಬಿತ್ತುತ್ತಾರೆ, ಯಾವಾಗ ಕೊಯ್ಯುತ್ತಾರೆ ಎಂಬುದನ್ನು ಅವನು ಗಾಡಿಗೆ ಸಿಗುವ ಜನರ ಮೇಲೆ ಅಂದಾಜು ಮಾಡುತ್ತಿದ್ದ.

ಅವನಿಗೆ ಒಂದು ದೊಡ್ಡ ಹೆಮ್ಮೆಯಿತ್ತು. ಹುಟ್ಟಿದಾಗಿನಿಂದ ಎಣ್ಣೆ ತಿಕ್ಕಿಸಿಕೊಂಡವನಲ್ಲ, ಗುಳಿಗೆ ನುಂಗಿದವನಲ್ಲ, ಶೇಕ ತಗೊಂಡವನಲ್ಲ. ಶೇಕವೆಂದರೆ ನೋವಿದ್ದಲ್ಲಿ ಬಿಸಿ ಕಾವು ಕೊಡುವುದು. ನಮ್ಮ ಕಡೆ ಹಂಚಿನ ಮೇಲೆ ಉಸುಕನ್ನೋ ಉಪ್ಪನ್ನೋ ಕಾಸಿ, ಬಟ್ಟೆಯಲ್ಲಿ ಕಟ್ಟಿ ಇಡುತ್ತಾರೆ. ಬಾಣಂತಿಯ ಸೊಂಟಕ್ಕೆ ಕೊಡುತ್ತಾರೆ, ಹೊರೆ ಹೊತ್ತವರ ಹೆಗಲಿಗೆ ಕೊಡುತ್ತಾರೆ. ಇದರಲ್ಲಿ ಗುರಪ್ಪನಿಗೆ ಮೊದಲನೆಯದಷ್ಟೇ ನೆನಪಿರುತ್ತಿತ್ತು.

ಅವನ ಜೊತೆಗೇ ಟೆಂಪೋ ಹೊಡೆಯುತ್ತಿದ್ದ ಯಾಕೂಬಸಾಬನಿಗೆ ನಡುವಯಸ್ಸಿನಲ್ಲೇ ಹೆಗಲು ಹಿಡಿದಿತ್ತು. ಅವನು ನಾಚದೆ ಬಿಸಿನೀರಿನ ರಬ್ಬರ್ ಚೀಲ ತಂದು, ಟವೆಲ್ಲಿನಲ್ಲಿ ಸುತ್ತಿ ಹೆಗಲಿಗಿಟ್ಟುಕೊಂಡೇ ಗಾಡಿ ನಡೆಸುತ್ತಿದ್ದ. ಇಂಡಿಯ ಸ್ಟ್ಯಾಂಡಿನಲ್ಲಿ ಅವನಿಗೆ 'ಬಾಣಂತಿ ಯಾಕೂಬ' ಎಂದು ಹೆಸರಿಟ್ಟವನು ಗುರಪ್ಪ. ಆ ಹೆಸರು ಸಿಂದಗಿ ದಾಟಿ ಮುದ್ದೇಬಿಹಾಳದ ತನಕ ಹೋಯಿತು. ಹೋಟೆಲ್ಲಿನವರು ಚಹಾ ಕೊಡುವಾಗ, "ಬಾಣಂತಿಗೆ ಸ್ವಲ್ಪ ಶುಂಠಿ ಹೆಚ್ಚ ಹಾಕ್ರಿ" ಎನ್ನುವಷ್ಟು ಹಬ್ಬಿತು. ಯಾಕೂಬಸಾಬ ಶುಂಠಿ ಚಹಾ ಕುಡಿದು ನಕ್ಕು ಸುಮ್ಮನಾಗುತ್ತಿದ್ದ. ಅವನ ಹೆಗಲು ನೆಟ್ಟಗಾಯಿತು. ಈಗ ಮನಗೂಳಿ ಕ್ರಾಸಿನಲ್ಲಿ ಚಹಾದಂಗಡಿ ಹಾಕಿ, ದೊಡ್ಡ ಪಾತೇಲಿಯನ್ನು ಒಬ್ಬನೇ ಎತ್ತಿ ಇಳಿಸುತ್ತಾನೆ.

ನೆಟ್ಟಗಿರದೆ ಹೋದದ್ದು ಗುರಪ್ಪನ ಗೋಣು.

ಶ್ರಾವಣದ ಜಿನುಗು ಮಳೆ ಹಿಡಿದಾಗ ಮೊದಲು ಬಲಹೆಗಲು ಜಡವಾಯಿತು. ಆಮೇಲೆ ನೋವು ಕತ್ತಿನ ಬುಡಕ್ಕೆ ಏರಿತು. ನಾಲ್ಕೇ ದಿನದಲ್ಲಿ ತಲೆ ಎಡಕ್ಕೂ ಹೊರಳದು, ಬಲಕ್ಕೂ ಹೊರಳದು. ಯಾರಾದರೂ ಹಿಂದಿನಿಂದ ಕರೆದರೆ ಗುರಪ್ಪ ಕಾಲಿನಿಂದ ತಲೆಯವರೆಗೆ ಇಡೀ ಮೈಯನ್ನು ತಿರುಗಿಸುತ್ತಿದ್ದ. ಊರ ಕಟ್ಟೆಯ ಮೇಲೆ ದಿನಾ ಕೂರುವ ರಾವಸಾಬ ಅದನ್ನು ಕಂಡು ಕೇಳಿದ: "ಯಾಕೋ ಗುರಪ್ಪಾ, ಲಾರಿ ಹೊಳ್ಳಿದಂಗ ಹೊಳ್ಳಾಕತ್ತೀಯಲ್ಲ?"

"ಗೋಣ ಹೊಳ್ಳಿಸಿ ನೋಡೂವಂಥ ಮಂದಿ ಈ ಊರಾಗ ಎಲ್ಲಿ ಉಳದಾರ?" ಎಂದ ಗುರಪ್ಪ.

ರಾವಸಾಬ ನಕ್ಕ. ಆ ಉತ್ತರ ತನಗೇ ಎಷ್ಟು ಮೆಚ್ಚಿಗೆಯಾಯಿತೆಂದರೆ ಗುರಪ್ಪ ಅದನ್ನು ಇನ್ನೂ ಮೂರು ಕಡೆ ಹೇಳಿದ.

ಶೆಟ್ಟೆವ್ವ ಹೆಚ್ಚು ಮಾತಿನವಳಲ್ಲ. ಎದುರಿನವರ ಮಾತು ಪೂರ್ತಿ ಮುಗಿಯುವ ತನಕ ಕೇಳುತ್ತಾಳೆ, ಆಮೇಲೆ ಬೇಕಿದ್ದರೆ ಒಂದು ಮಾತು. ಅವಳಿಗೆ ಮೊದಲನೆಯ ದಿನವೇ ತಿಳಿದಿತ್ತು. ರೊಟ್ಟಿ ಬಡಿಯುತ್ತ ಕೇಳಿದಳು: "ಉಸುಕ ಕಾಸಿ ಶೇಕ ಕೊಡ್ಲೇನ್ರಿ?"

"ಏನು, ನಾ ಹಡದೀನಿ ಅಂತ ತಿಳದೀಯೇನು?"

ಶೆಟ್ಟೆವ್ವ ರೊಟ್ಟಿ ತಿರುವಿ ಹಾಕಿದಳು. ಮತ್ತೆ ಕೇಳಲಿಲ್ಲ.

ಆದರೆ ನೋವಿಗೆ ಇಂಥ ಉತ್ತರಗಳು ಸಾಲುವುದಿಲ್ಲ. ನಾಗರಪಂಚಮಿಯ ದಿನ ಗುರಪ್ಪನಿಗೆ ಅಂಗಿಯೊಳಗೆ ಕೈ ತೂರಿಸುವುದೂ ಆಗಲಿಲ್ಲ. ಮೊಬೈಲಿನಲ್ಲಿ ಹುಡುಕಿದ. ಯಾವ ಊರಿನವಳೋ ಒಬ್ಬ ಹೆಂಗಸು ಕಾಲುಚೀಲದಲ್ಲಿ ಅಕ್ಕಿ ತುಂಬಿ, ಬಿಸಿ ಮಾಡಿ, ಕತ್ತಿಗೆ ಇಟ್ಟುಕೊಂಡು ನಗುತ್ತಿದ್ದಳು. ಅವನು ಅದನ್ನು ದನಿ ಮುಚ್ಚಿ ಆರು ಸಲ ನೋಡಿದ. ಮರುದಿನ ಬೆಳಿಗ್ಗೆ ಶೆಟ್ಟೆವ್ವ ಹೊಲಕ್ಕೆ ಹೋದ ಮೇಲೆ ಬಾಗಿಲಿಗೆ ಚಿಲಕ ಹಾಕಿದ. ತನ್ನ ಹಳೆಯ ಖಾಕಿ ಕಾಲುಚೀಲ ಒಂದು ಸಿಕ್ಕಿತು. ಇನ್ನು ಕಾಳು ಬೇಕು.

ಉಣ್ಣುವ ಜೋಳ ಎತ್ತರದ ತಗಡಿನ ಡಬ್ಬಿಯಲ್ಲಿತ್ತು. ಅದರ ಮುಚ್ಚಳ ತೆಗೆಯಲು ಕೈ ಎತ್ತಬೇಕು. ಗುರಪ್ಪ ಎತ್ತಿ ನೋಡಿದ, ಕಣ್ಣಿಗೆ ಕತ್ತಲೆ ಬಂತು. ಅಷ್ಟರಲ್ಲಿ ದೇವರ ಜಗಲಿಯ ಕೆಳಗೆ, ಕೂತಲ್ಲಿಂದಲೇ ಕೈಗೆ ನಿಲುಕುವ ಹಾಗೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿದ ಒಂದು ಗಡಿಗೆ ಕಂಡಿತು.

ಆ ಗಡಿಗೆ ಆ ಮನೆಯಲ್ಲಿ ಗುರಪ್ಪನಿಗಿಂತ ಮರ್ಯಾದೆಯ ವಸ್ತು. ಮೂವತ್ತೆಂಟು ವರ್ಷದ ಹಿಂದೆ ಶೆಟ್ಟೆವ್ವ ಆಲಮೇಲದಿಂದ ಮದುವೆಯಾಗಿ ಬರುವಾಗ ತಾಯಿ ಅವಳ ಉಡಿಯಲ್ಲಿ ಹಾಕಿ ಕಳಿಸಿದ ಸಕ್ಕರಿ ಮುಕ್ಕರಿ ಜೋಳದ ಬೀಜ ಅದರಲ್ಲಿತ್ತು. ಇದು ರೊಟ್ಟಿಯ ಜೋಳವಲ್ಲ. ಹಾಲು ತುಂಬಿದ ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿಬಿಸಿಯಾಗಿ ತಿನ್ನುವ ಸೀತನಿಯ ಜೋಳ. ಎಲ್ಲರೂ ಎಳೆಯದಾಗಿರುವಾಗಲೇ ತಿಂದು ಮುಗಿಸುವುದರಿಂದ ಇದರ ಬೀಜ ಉಳಿಸುವವರು ಕಡಿಮೆ. ಶೆಟ್ಟೆವ್ವ ಪ್ರತಿವರ್ಷ ಎರಡು ಸಾಲನ್ನು ಯಾರೂ ಮುಟ್ಟದಂತೆ ಬಲಿಯಲು ಬಿಟ್ಟು, ಕಾಳಿಗೆ ಸಗಣಿ ಕುಳ್ಳಿನ ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಇಡುತ್ತಿದ್ದಳು. ಬಿತ್ತನೆಯ ಉತ್ತರಿ ಮಳೆಗೆ ಮುಂಚಿನ ಸೋಮವಾರ ಸುತ್ತಲಿನ ಒಂಬತ್ತು ಮನೆಗಳ ಹೆಂಗಸರು ಬರುತ್ತಾರೆ, ಪಾವು ಪಾವು ಬೀಜ ಉಡಿಯಲ್ಲಿ ಹಾಕಿಸಿಕೊಂಡು ಹೋಗುತ್ತಾರೆ. ಶೆಟ್ಟೆವ್ವನ ಕೈಯಿಂದ ಹೋದ ಬೀಜ ಹುಸಿ ಹೋಗುವುದಿಲ್ಲ ಎಂಬ ಮಾತಿತ್ತು. ಅವಳಿಗೆ ಊರಲ್ಲಿ ಇದ್ದ ಆಸ್ತಿ ಅದೊಂದೇ.

ಗುರಪ್ಪನಿಗೂ ಇದು ಗೊತ್ತಿತ್ತು. ಗೊತ್ತಿದ್ದೇ ಗಡಿಗೆಯ ಬಾಯಿಬಟ್ಟೆ ಬಿಚ್ಚಿದ. ಒಂದು ಸೇರು ಕಾಳು ತೆಗೆದು ಹಂಚಿಗೆ ಹಾಕಿ, ಗ್ಯಾಸು ಹೊತ್ತಿಸಿ ಕೈಯಾಡಿಸಿದ. ಕಾಳು ಚಟಪಟ ಎಂದಾಗ ಇಳಿಸಿ, ಕಾಲುಚೀಲದಲ್ಲಿ ತುಂಬಿ ಗೋಣಿನ ಹಿಂದೆ ಇಟ್ಟುಕೊಂಡ. ಹೇಗಿತ್ತೆಂದರೆ, ಕಣ್ಣಲ್ಲಿ ನೀರು ಬಂತು. ಬಿಗಿದ ನರ ಒಂದೊಂದಾಗಿ ಸಡಿಲಾಯಿತು. ಸ್ವಲ್ಪ ಹೊತ್ತಿಗೆ ತಲೆ ಎಡಕ್ಕೆ ಹೊರಳಿ, ಗೋಡೆಯ ಕ್ಯಾಲೆಂಡರ್ ಕಂಡಿತು. ಕಾವಿನಲ್ಲಿ ನಿಜಕ್ಕೂ ಗುಣವಿದೆ. ಮೂವತ್ತೊಂದು ವರ್ಷ ನಕ್ಕವನಿಗೂ ಅದು ಭೇದ ಮಾಡಲಿಲ್ಲ.

ಆಮೇಲೆ ಕಾಳು ಏನು ಮಾಡುವುದು? ಎಸೆದರೆ ಗಡಿಗೆಯಲ್ಲಿ ಕಡಿಮೆಯಾದದ್ದು ಶೆಟ್ಟೆವ್ವನಿಗೆ ತಿಳಿಯುತ್ತದೆ. ಅಡಗಿಸಿಟ್ಟರೆ ಯಾಕೆಂಬ ಪ್ರಶ್ನೆ ಬರುತ್ತದೆ. ಗುರಪ್ಪ ಅದನ್ನು ಆರಿಸಿ ಮತ್ತೆ ಗಡಿಗೆಗೇ ಸುರಿದು, ಮೇಲೆ ಕೆಳಗೆ ಮಾಡಿ, ಬಟ್ಟೆ ಕಟ್ಟಿದ. ಅರಳಿದ್ದ ಹತ್ತಿಪ್ಪತ್ತು ಕಾಳನ್ನು ಸಾಕ್ಷಿ ಉಳಿಯಬಾರದೆಂದು ತಿಂದ. ರುಚಿಯಾಗಿದ್ದವು.

ಹೀಗೆ ಇಪ್ಪತ್ತಾರು ದಿನ ನಡೆಯಿತು. ಗಡಿಗೆಯಲ್ಲಿ ಇದ್ದದ್ದೇ ಮೂರು ಸೇರು. ನಡುವೆ ಒಂದು ದಿನ ಅವನಿಗೇ ಅನುಮಾನ ಬಂತು, ಕಾಸಿದ ಬೀಜ ಹುಟ್ಟುತ್ತದೋ ಇಲ್ಲವೋ ಎಂದು. ಕೋಳಿ ಕೂತು ಇಪ್ಪತ್ತೊಂದು ದಿನ ಕಾವು ಕೊಟ್ಟರೆ ತತ್ತಿ ಕೆಡುವುದಿಲ್ಲ, ಮರಿಯೇ ಆಗುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಎರಡು ಎಕರೆ ಹೊಲದ ಯಜಮಾನನ ಬೇಸಾಯದ ಜ್ಞಾನ ಇಷ್ಟು.

ಇನ್ನೊಂದು ಸಂಗತಿ ಅವನು ಎಣಿಸದೆ ಬಂತು. ಕಾಳಿಗೆ ಬೆರೆತ ಬೂದಿ ಕಾಲುಚೀಲದ ಎಳೆಯಿಂದ ಸೋಸಿ ಅವನ ಗೋಣಿಗೆ, ಹೆಗಲಿಗೆ, ಅಂಗಿಯ ಕೊರಳಪಟ್ಟಿಗೆ ಹತ್ತುತ್ತಿತ್ತು. ಮೊದಲು ಕಂಡವಳು ಪಕ್ಕದ ಮನೆಯ ಸೀತವ್ವ. ಹೆಪ್ಪು ಕೇಳಲು ಬಂದಿದ್ದಳು.

"ಏನ್ರಿ ಕಾಕಾ, ಇಬತ್ತಿ ಹಚ್ಚಾಕ ಸುರು ಮಾಡೀರಿ? ಗೋಣಿಗೆಲ್ಲಾ ಬಳಕೊಂಡೀರಲ್ಲ!"

ಬೂದಿ ಅವಳ ಕಣ್ಣಿಗೆ ವಿಭೂತಿಯಾಗಿ ಕಂಡಿತ್ತು. ಗುರಪ್ಪ ಒಂದು ಕ್ಷಣ ತಬ್ಬಿಬ್ಬಾದ. ಮರುಕ್ಷಣ ಕಣ್ಣು ಅರ್ಧ ಮುಚ್ಚಿ, "ಎಷ್ಟ್ ದಿನಾ ಅಂತ ಸಂಸಾರದಾಗ ಬಿದ್ದಿರೂದವ್ವಾ" ಎಂದ.

ಸುದ್ದಿ ಊರು ಸುತ್ತಿತು. ಟೆಂಪೋ ಗುರಪ್ಪನಿಗೆ ಬುದ್ಧಿ ಬಂತು ಎಂದು ರಾವಸಾಬ ಕಟ್ಟೆಯಲ್ಲಿ ಜಾಗ ಬಿಟ್ಟುಕೊಟ್ಟ. ಮಠದ ಸೋಮವಾರದ ಭಜನೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಿಸಿದರು. ಅವನು ಕೂತ. ತಾಳ ತಪ್ಪಿ ಚಪ್ಪಾಳೆ ತಟ್ಟುತ್ತ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹೊಸದಾಗಿ ಸಡಿಲಾದ ಗೋಣನ್ನು ಆ ಕಡೆ ಈ ಕಡೆ ತಿರುಗಿಸುತ್ತ ಕೂತ. ಶೆಟ್ಟೆವ್ವ ಅಂದು ಸಂಜೆ ಜಗಲಿಯ ಮೇಲೆ ಒಂದರ ಬದಲು ಎರಡು ದೀಪ ಹಚ್ಚಿದಳು. ಗಂಡ ದೇವರ ಕಡೆ ಹೊರಳಿದನೆಂದು ಅವಳು ನಂಬಿದ್ದಳು. ಗುರಪ್ಪ ಆ ಎರಡನೆಯ ದೀಪ ಯಾಕೆಂದು ತಿಳಿದೂ ಊಟಕ್ಕೆ ಕೂತು, ಎರಡು ರೊಟ್ಟಿ ಹೆಚ್ಚಿಗೆ ತಿಂದ.

ಉತ್ತರಿಗೆ ಹನ್ನೆರಡು ದಿನ ಇರುವಾಗ ಶೆಟ್ಟೆವ್ವ ಪ್ರತಿವರ್ಷದಂತೆ ಬೀಜ ಪರೀಕ್ಷೆಗೆ ಇಟ್ಟಳು. ನೂರು ಕಾಳು ಎಣಿಸಿ, ಒದ್ದೆ ಗೋಣಿತಟ್ಟಿನ ತುಂಡಿನಲ್ಲಿ ಸುತ್ತಿ, ನೀರು ಚಿಮುಕಿಸಿ ಇಡುವುದು. ನಾಲ್ಕನೆಯ ದಿನ ಬಿಚ್ಚಿದರೆ ತೊಂಬತ್ತಕ್ಕೆ ಕಡಿಮೆಯಿಲ್ಲದೆ ಬಿಳಿ ಮೊಳಕೆ ಇರಬೇಕು.

ನಾಲ್ಕು ಇದ್ದವು.

ಇನ್ನೊಮ್ಮೆ ಇಟ್ಟಳು. ಮೂರು.

ಅವಳು ಯಾರನ್ನೂ ಕೇಳಲಿಲ್ಲ. ಶ್ರಾವಣದಲ್ಲಿ ತಂಗಿಗೆ ಹುಷಾರಿಲ್ಲವೆಂದು ಆಲಮೇಲಕ್ಕೆ ಹೋಗಿದ್ದಾಗ ಒಂದು ಸೋಮವಾರದ ಪೂಜೆ ತಪ್ಪಿತ್ತು. ಅದನ್ನೇ ಹಿಡಿದಳು. ಮಧ್ಯಾಹ್ನದ ಊಟ ಬಿಟ್ಟಳು. ಜಗಲಿಯ ಮುಂದೆ ಕೂತು, ತನ್ನ ಬಲ ಅಂಗೈಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

"ಏನಾತು?" ಎಂದು ಗುರಪ್ಪ ಬಾಗಿಲಲ್ಲೇ ನಿಂತು ಕೇಳಿದ.

"ಬೀಜ ಸತ್ತಾವ್ರಿ. ಅವ್ವ ಕೊಟ್ಟಿದ್ದ ಬೀಜ. ಏನೋ ನನ್ನಿಂದ ತಪ್ಪ ಆಗೈತಿ."

ಆಗ ಹೇಳಬಹುದಿತ್ತು. ಬಾಯಿಯೂ ತೆರೆದ. ಆದರೆ ಕಟ್ಟೆ, ಮುಂದಿನ ಸಾಲು, ಇಂಡಿ ಸ್ಟ್ಯಾಂಡು, ಎಲ್ಲ ಕಣ್ಣ ಮುಂದೆ ಬಂದವು. ಬಾಯಿಂದ ಬಂದದ್ದು ಬೇರೆ ಮಾತು: "ಆ ಸೀತವ್ವ ಮೊನ್ನೆ ಗಡಿಗೀನ ದಿಟ್ಟಿಸಿ ನೋಡಾಕತ್ತಿದ್ಲು. ಆಕಿ ಕಣ್ಣ ಭಾಳ ಕೆಟ್ಟ."

"ಆಕಿ ಹೆಸರ ತಗೀಬ್ಯಾಡ್ರಿ" ಎಂದಳು ಶೆಟ್ಟೆವ್ವ. ಆದರೂ ಮರುದಿನ ಸೀತವ್ವ ಬಂದಾಗ ಹೆಪ್ಪನ್ನು ಹೊಸ್ತಿಲಲ್ಲೇ ಕೊಟ್ಟಳು. ಒಳಗೆ ಬಾ ಎನ್ನಲಿಲ್ಲ. ಅತ್ತ ಗುರಪ್ಪ ಅದೇ ಮಾತನ್ನು ಕಟ್ಟೆಯಲ್ಲಿ ರಾವಸಾಬನ ಕಿವಿಗೂ ಹಾಕಿದ. ಇಬತ್ತಿ ಹಚ್ಚಿದವನ ಮಾತು, ಬೇಗ ಹಬ್ಬಿತು.

ಮನೆಯಲ್ಲಿ ಕೂರಲಾಗದೆ ಅವನು ಮನಗೂಳಿ ಕ್ರಾಸಿಗೆ ಹೋದ. ಯಾಕೂಬಸಾಬ ಚಹಾ ಕೊಡಲು ಬಗ್ಗಿದವನು ಮೂಗು ಅರಳಿಸಿದ.

"ಲೇ ಗುರಪ್ಪಾ, ನಿನ್ನ ಮೈಯಾಗ ಹುರದ ಜೋಳದ ವಾಸನಿ ಯಾಕ ಬರ್ತೈತಿ?"

"ಎಲ್ಲಿ ವಾಸನಿ?"

ಯಾಕೂಬಸಾಬ ಅವನ ಕೊರಳಪಟ್ಟಿಯನ್ನು ಒಂದು ಬೆರಳಲ್ಲಿ ಎಳೆದು ನೋಡಿದ. ಗೋಣಿನ ಬುಡದಲ್ಲಿ ರೊಟ್ಟಿ ಸೀದ ಹಾಗೆ ಎರಡು ಕೆಂಪು ಕಲೆ. "ಸುಟ್ಟಕೊಂಡೀಯಲ್ಲೋ ಹುಚ್ಚಾ! ಅರಿವಿ ಎರಡ ಮಡಿಕಿ ಹಾಕಬೇಕು, ಮೊದಲ ಮೊಳಕೈಗೆ ಹಚ್ಚಿ ನೋಡಬೇಕು, ಹದಿನೈದು ಇಪ್ಪತ್ತ ಮಿನಿಟಕ್ಕ ತಗೀಬೇಕು. ಯಾರ ಹತ್ರ ಕಲತಿ?"

"ಮೊಬೈಲದಾಗ."

"ನನ್ನ ಕೇಳಬೇಕಿಲ್ಲೇನು? ನಾ ಈ ವಿದ್ಯಾದಾಗ ಹಳೇ ಬಾಣಂತಿ ಅಲ್ಲೇನು?"

ಹೀಗೆ ಸಿಕ್ಕಿಬಿದ್ದ ಮೇಲೆ ಗುರಪ್ಪ ಎಲ್ಲವನ್ನೂ ಹೇಳಿದ. ಕೋಳಿಯ ಲೆಕ್ಕ ಬಂದಾಗ ಯಾಕೂಬಸಾಬ ಚಹಾದ ಸೌಟು ಕೆಳಗಿಟ್ಟು ನಕ್ಕ. ಶೆಟ್ಟೆವ್ವ ಊಟ ಬಿಟ್ಟದ್ದು, ಸೀತವ್ವನ ಹೆಸರು ಕೆಡಿಸಿದ್ದು ಕೇಳಿದಾಗ ನಗು ನಿಂತಿತು.

"ಯಾರ ಮುಂದೂ ಹೇಳಬ್ಯಾಡೋ ದೋಸ್ತ" ಎಂದ ಗುರಪ್ಪ.

"ನಾ ಯಾಕ ಹೇಳ್ಲಿ? ಹೇಳಾಂವ ನೀನು. ನನಗ ನೀ ಹೆಸರಿಟ್ಟಿ, ನಾ ಗಂಡಸ ಇದ್ದೆ, ತಡಕೊಂಡೆ. ಆ ಸೀತವ್ವಗ ಯಾಕ ಕೆಟ್ಟ ಹೆಸರ ಹಚ್ತೀ? ಸೋಮವಾರ ಆ ಒಂಬತ್ತ ಮಂದಿ ಎದ್ದು ಹೋಗೂದರೊಳಗ ಹೇಳು. ಹೋದ ಮ್ಯಾಲ ಹೇಳಿದ್ರೂ ಒಂದ, ಹೇಳದಿದ್ರೂ ಒಂದ."

ಸೋಮವಾರ ಬಂತು. ಒಂಬತ್ತು ಹೆಂಗಸರು ಪಡಸಾಲೆಯಲ್ಲಿ ಕೂತರು. ಅವರಲ್ಲಿ ಸೀತವ್ವನೂ ಒಬ್ಬಳು. ಅವಳು ಹೊಸ್ತಿಲ ಹತ್ತಿರ, ಎಲ್ಲರಿಗಿಂತ ಹಿಂದೆ ಕೂತಿದ್ದಳು. ಗುರಪ್ಪ ಹೊರಗೆ ಮನೆಯ ಕಟ್ಟೆಯ ಮೇಲೆ ಇದ್ದ. ಆ ದಿನ ಗೋಣು ಮತ್ತೆ ಹಿಡಿದಿತ್ತು. ಆದ್ದರಿಂದ ಒಳಗೆ ನಡೆಯುವುದನ್ನು ಅವನು ನೋಡಲಾರದೆ ಕೇಳುತ್ತಿದ್ದ.

ಶೆಟ್ಟೆವ್ವ ಸ್ನಾನ ಮಾಡಿ, ಪೂಜೆ ಮುಗಿಸಿ, ಗಡಿಗೆಯನ್ನು ಎಲ್ಲರ ನಡುವೆ ತಂದಿಟ್ಟಳು.

"ಯವ್ವಗಳಿರಾ, ಈ ವರ್ಷ ಬೀಜ ಹುಟ್ಟೂದಿಲ್ಲ. ನನ್ನ ಕೈ ಕೆಟ್ಟೈತಿ. ಇನ್ನ ಈ ಗಡಿಗಿ ನನ್ನ ಮನ್ಯಾಗ ಇರೂದ ಬ್ಯಾಡ. ಯಾರರೆ ಒಬ್ಬಾಕಿ ಒಯ್ದು ಇಟ್ಕೋರಿ, ಎಲ್ಲಿಂದರೆ ಹೊಸಾ ಬೀಜ ತಂದು ತುಂಬ್ರಿ."

ಅವರಲ್ಲಿ ಹಿರಿಯಳಾದ ಶಂಕ್ರೆವ್ವ ಕೇಳಿದಳು: "ನಿನ್ನ ಕೈಗೇನ ಆಗೈತಿ? ಯಾರರೆ ಕಣ್ಣ ಹಾಕಿರಬೇಕು." ಕೇಳಿದ್ದು ಗಡಿಗೆಯನ್ನು ನೋಡಿಕೊಂಡೇ. ಆದರೆ ಎಂಟು ಮುಖಗಳಲ್ಲಿ ನಾಲ್ಕೈದು ಹೊಸ್ತಿಲ ಕಡೆ ಹೊರಳಿದವು. ಸೀತವ್ವ ಸೆರಗು ಸರಿಮಾಡಿಕೊಂಡು ಏಳತೊಡಗಿದಳು.

ಗುರಪ್ಪ ಒಳಗೆ ಬಂದ. ಹೇಗೆ ಬಂದ ಎಂದು ಆಮೇಲೆ ಅವನಿಗೂ ನೆನಪಿರಲಿಲ್ಲ. ಗಂಭೀರವಾಗಿ ಶುರು ಮಾಡಬೇಕೆಂದಿದ್ದ.

"ಈ ಸಲ ಥಂಡಿ ಭಾಳ ಇತ್ತು" ಎಂದ.

"ಹೌದ್ರಿ, ಇತ್ತು" ಎಂದಳು ಶಂಕ್ರೆವ್ವ, ಇವನಿಗೇನಾಯಿತು ಎಂಬಂತೆ.

"ಥಂಡಿ ಇದ್ದಾಗ ಮನಶ್ಯಾಗ..." ಮಾತು ಮುಂದೆ ಹೋಗಲಿಲ್ಲ. ಮೂವತ್ತೊಂದು ವರ್ಷ ನಾಲ್ಕು ತಾಲೂಕಿನ ಸ್ಟ್ಯಾಂಡುಗಳಲ್ಲಿ ಮಾತಿಗೆ ಸೋಲದವನು ಕಿಸೆಗೆ ಕೈ ಹಾಕಿ ಖಾಕಿ ಕಾಲುಚೀಲ ತೆಗೆದು ಗಡಿಗೆಯ ಪಕ್ಕ ಇಟ್ಟ. "ನಾ ಕಾಸೀನಿ. ದಿನಾ. ಗೋಣಿಗೆ ಶೇಕ ತಗೊಂಡು ಹೊಳ್ಳಿ ಗಡಿಗ್ಯಾಗ ಹಾಕೀನಿ. ಸೀತವ್ವ ಏನೂ ಮಾಡಿಲ್ಲ. ಇಕೀನೂ ಏನೂ ಮಾಡಿಲ್ಲ."

ಒಂಬತ್ತು ಹೆಂಗಸರು ಕಾಲುಚೀಲ ನೋಡಿದರು. ಸೀತವ್ವನೇ ಮೊದಲು ಕೇಳಿದಳು: "ಹಂಗಾರ ಕಾಕಾ, ಆ ಇಬತ್ತಿ?"

ಗುರಪ್ಪ ನೆಲ ನೋಡಿದ. "ಗಡಿಗಿ ಬೂದಿ."

ಒಬ್ಬಳು ಸೆರಗು ಬಾಯಿಗೆ ಹಿಡಿದಳು. ಇನ್ನೊಬ್ಬಳಿಗೆ ತಡೆಯಲಾಗಲಿಲ್ಲ. "ಯವ್ವಾ, ನಾ ಮೊನ್ನೆ ಮಠದಾಗ ಕಾಲ ಮುಟ್ಟಿ ನಮಸ್ಕಾರ ಮಾಡೇನಲ್ಲ ಇವರಿಗೆ! ಹೊಳ್ಳಿ ಕೊಡ್ರಿ ನನ್ನ ನಮಸ್ಕಾರ!" ಎಂದಳು. ಪಡಸಾಲೆ ತುಂಬ ನಗು. ಅವನು ಆ ನಗೆಯ ನಡುವೆ ಹೊರಳಲಾರದ ಗೋಣು ಹೊತ್ತು ಕಂಬದ ಹಾಗೆ ನಿಂತ.

ಶೆಟ್ಟೆವ್ವ ನಗಲಿಲ್ಲ. "ಯಾವಾಗಿಂದ?" ಎಂದು ಕೇಳಿದಳು.

"ಪಂಚಮಿ ಮರದಿನದಿಂದ."

ಅವಳು ಬೆರಳು ಮಡಚಿ ದಿನ ಎಣಿಸಿದಳು. ಎಣಿಸಿ ಮುಗಿಸಿ, ಬಲ ಅಂಗೈಯನ್ನು ಎಡಗೈಯಿಂದ ಒಮ್ಮೆ ಒರೆಸಿಕೊಂಡಳು. ಆಮೇಲೆ ಹೊಸ್ತಿಲ ಕಡೆ ನೋಡಿ, "ಸೀತವ್ವಾ, ಅಲ್ಯಾಕ ಕುಂತಿ? ತಪ್ಪ ನಂದೂ ಐತಿ. ಇಲ್ಲಿ ಬಾ, ನನ್ನ ಬಾಜೂಕ" ಎಂದಳು. ಸೀತವ್ವ ತಕ್ಷಣ ಏಳಲಿಲ್ಲ. ಸ್ವಲ್ಪ ಹೊತ್ತು ಕಾಯಿಸಿ ಎದ್ದು ಬಂದಳು. ಅಷ್ಟು ಹಕ್ಕು ಅವಳಿಗಿತ್ತು.

"ನೂರಕ್ಕ ಮೂರ ನಾಕ ಹುಟ್ತಾವ" ಎಂದಳು ಶೆಟ್ಟೆವ್ವ. "ಗಡಿಗಿ ಪೂರಾ ಬಾವಿ ಕಡೆ ಒಂದ ತುಣುಕಿನ್ಯಾಗ ದಟ್ಟ ಹಾಕೂನು. ಈ ವರ್ಷ ಯಾರಿಗೂ ಸೀತನಿ ಇಲ್ಲ. ಬಂದದ್ದೆಲ್ಲಾ ಬೀಜಕ್ಕ."

"ನಾವೂ ಬರ್ತೇವಿ ಹಾಕಾಕ" ಎಂದಳು ಶಂಕ್ರೆವ್ವ. "ಒಬ್ಬೊಬ್ಬರು ಒಂದೊಂದ ಸಾಲ."

ಶೆಟ್ಟೆವ್ವ ಎದ್ದು ಒಲೆಯ ಮೇಲೆ ಹಂಚಿಟ್ಟು, ಎರಡು ಬೊಗಸೆ ಉಸುಕು ಹಾಕಿದಳು. "ಅಂಗಿ ತಗದು ಕುಂಡ್ರರಿ" ಎಂದಳು ಗಂಡನಿಗೆ.

"ಇಲ್ಲೇ? ಇವರ ಮುಂದ?"

"ಮತ್ತ ಚಿಲಕ ಹಾಕೊಂಡು ಕುಂಡ್ರತೀರೇನು?"

ಅವನು ಅಂಗಿ ತೆಗೆದು ಕೂತ. ಕಾದ ಉಸುಕಿನ ಗಂಟನ್ನು ಶೆಟ್ಟೆವ್ವ ಮೊದಲು ತನ್ನ ಮೊಳಕೈಗೆ ತಾಗಿಸಿ ನೋಡಿದಳು. ಸುಟ್ಟ ಕಲೆಗಳನ್ನು ಬಿಟ್ಟು, ಹೆಗಲಿಗೆ ಬಟ್ಟೆ ಹಾಸಿ ಅದರ ಮೇಲೆ ಇಟ್ಟಳು. ಹೆಂಗಸರು ಯಾರೂ ಎದ್ದು ಹೋಗಲಿಲ್ಲ, ಇಂಥದ್ದು ದಿನಾ ನೋಡಲು ಸಿಗುವುದಿಲ್ಲ. ಯಾವ ಕಡೆ ಒತ್ತಬೇಕು, ಎಷ್ಟು ಹೊತ್ತು ಇಡಬೇಕು ಎಂದು ಆಳಿಗೊಂದು ಮಾತು ಹೇಳಿದರು. ಗುರಪ್ಪ ಕಣ್ಣು ಮುಚ್ಚಿ ಕೂತಿದ್ದ. ಅದು ನಾಚಿಕೆಗೋ ಸುಖಕ್ಕೋ ಅವನೇ ಬಲ್ಲ.

ಉತ್ತರಿ ಮಳೆ ಹದವಾಗಿ ಬಿತ್ತು. ಬಾವಿಯ ಪಕ್ಕದ ತುಣುಕಿನಲ್ಲಿ ಹತ್ತು ಹೆಂಗಸರು ಹತ್ತು ಸಾಲು ಹಾಕಿದರು. ಎಂಟನೆಯ ದಿನ ಬೆಳಿಗ್ಗೆ ಶೆಟ್ಟೆವ್ವ ಬಗ್ಗಿ, ಅಲ್ಲೊಂದು ಇಲ್ಲೊಂದು ಎದ್ದ ಹಸಿರು ಮೊನೆಗಳನ್ನು ನೋಡುತ್ತ ಸಾಲು ಹಿಡಿದು ಹೊರಟಳು. ಗುರಪ್ಪ ಬದುವಿನ ಮೇಲೆ ನಿಂತಿದ್ದ.

"ಎಷ್ಟ ಬಂದಾವ?" ಎಂದು ಕೇಳುತ್ತ ಒಂದು ಕಾಲು ಕೆಳಗಿಟ್ಟ.

"ಅಲ್ಲೇ ನಿಂದರ್ರಿ" ಎಂದಳು ಶೆಟ್ಟೆವ್ವ, ತಲೆ ಎತ್ತದೆ. "ಕಾಲ ಮ್ಯಾಲ ತಗೋರಿ."

ಅವನು ಕಾಲು ಮೇಲೆ ತಗೊಂಡ. ಅವಳು ಮುಂದಿನ ಸಾಲಿಗೆ ಹೊರಳಿದಳು.